ಬುಖಾರಾದಲ್ಲಿ ಬಾದಾಮಿಯ ಗೈಡು

ಕುಳಗೇರಿ ಕ್ರಾಸ್

ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟ ನಮ್ಮ ಟೆಂಪೊ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆಂದು ನಿಂತಿತು. ಒಳಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಂದ ಕೂಡಿಬಂದ ಹನ್ನೊಂದು ಜನ. ಮೇಲೆ ಹಗ್ಗ ಬಿಗಿದ ಪೆಟ್ಟಿಗೆಗಳು. ಚಹಾದಂಗಡಿಯವನು ನನ್ನ ಹಳೆಯ ಪರಿಚಯ.

“ಏನ್ರಿ ಸಂಗಪ್ಪಣ್ಣ, ಮಂದೀನ್ನ ಬಾದಾಮಿಗೆ ಕರಕೊಂಡು ಹೋಗೋದು ಬಿಟ್ಟು ಈ ಕಡೆ ಎತ್ತಾಗ ಹೊಂಟೀರಿ?”

“ಬುಖಾರಾಕ್ಕ ಹೊಂಟೇನಪಾ.”

ಅವನು ಕೈಯಲ್ಲಿದ್ದ ಬಸಿ ಕೆಳಗಿಟ್ಟ. “ಬುಖಾರ ಬಂದ್ರ ಮಂದಿ ದವಾಖಾನಿಗೆ ಓಡ್ತಾರ. ನೀವು ನೋಡಿದ್ರ ಬುಖಾರ ಹುಡಿಕ್ಕೊಂಡು ಹೊಂಟೀರಿ!”

ಜ್ವರದ ಈ ತಮಾಷೆ ಉಜ್ಬೇಕಿಸ್ತಾನದವರೆಗೂ ನಮ್ಮ ಜೊತೆ ಬಂತು. ಯಾರು ಕೆಮ್ಮಿದರೂ ‘ಊರು ಬಂತೇನ್ರಿ’ ಎಂದು ಉಳಿದವರು ಕೇಳುವುದು, ನಗುವುದು.

ನನ್ನ ಕಸುಬು ಊರು ತೋರಿಸುವುದು. ಬಾದಾಮಿಯ ಗುಹೆಗಳನ್ನು ನಮ್ಮ ಕಡೆ ಮೇಣಬಸದಿ ಎನ್ನುತ್ತಾರೆ. ಮೂವತ್ತೊಂದು ವರ್ಷ ಆ ಮೆಟ್ಟಿಲುಗಳನ್ನು ಹತ್ತಿ ಇಳಿದಿದ್ದೇನೆ, ಮಂಗಗಳ ಕೈಯಿಂದ ಪರದೇಶದವರ ಕನ್ನಡಕ ಬಿಡಿಸಿಕೊಟ್ಟಿದ್ದೇನೆ. ನಾನೇ ಪ್ರವಾಸಿಯಾಗಿ ಒಂದು ಊರಿಗೆ ಹೋದವನಲ್ಲ. ಹೆಂಡತಿ ನೀಲವ್ವ ಇಳಕಲ್ಲಿನ ನೇಕಾರರ ಮನೆಯವಳು. ಒಂದು ದಿನ ರೊಟ್ಟಿ ಬಡಿಯುತ್ತ ಕುಳಿತವಳು ತಲೆ ಎತ್ತದೆ ಹೇಳಿದಳು:

“ಲೋಕಕ್ಕೆಲ್ಲ ಊರು ತೋರಸ್ತೀರಿ. ಇಲ್ಲೇ ಬಾಜೂಕಿನ ಚೊಳಚಗುಡ್ಡ ದಾಟಿ ನನಗ ಏನ್ ತೋರಿಸೀರಿ, ಹೇಳ್ರಿ?”

ಆ ವರ್ಷವೇ ಇಳಕಲ್ಲಿನ ಸೀರೆ ವ್ಯಾಪಾರಿ ರಫೀಕಸಾಬರು ಬುಖಾರಾಕ್ಕೆ ಜನ ಕೂಡಿಸುತ್ತಿದ್ದಾರೆಂದು ತಿಳಿದು ನಾವಿಬ್ಬರೂ ಹೆಸರು ಕೊಟ್ಟೆವು.

ಕೊಳದ ದಂಡೆ

ಬುಖಾರಾದ ನಡುವೆ ಒಂದು ಕೊಳವಿದೆ. ಹೆಸರು ಲ್ಯಾಬಿ ಹೌಜ್. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ದಂಡೆಯ ಮೇಲೆ ಬಗ್ಗಿದ ಮುದಿ ಹಿಪ್ಪುನೇರಳೆ ಮರಗಳು, ಅವುಗಳ ಕೆಳಗೆ ಚಹಾ ಕುಡಿಯುವವರು. ನೀಲವ್ವ ನೋಡಿದವಳೇ, “ಇದೇನ್ರಿ, ನಮ್ಮ ಹೊಂಡ!” ಎಂದಳು. ನಾವು ಹನ್ನೊಂದೂ ಜನ ತೌರಿಗೆ ಬಂದವರಂತೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆವು. ಹುನಗುಂದದ ನಿವೃತ್ತ ಹೆಡ್‌ಮಾಸ್ತರು, ನಾವೆಲ್ಲ ಗೌಡರ ಮಾಸ್ತರು ಎನ್ನುವವರು, ಕಾಲು ತೊಳೆಯಲು ಒಂದು ಮೆಟ್ಟಿಲು ಇಳಿದೂಬಿಟ್ಟರು. ಆಗ ಹಿಂದಿನಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಕೇಳಿತು:

“ದಯವಿಟ್ಟು ಬೇಡ. ಮೀನುಗಳಿಗೆ ನಾಚಿಕೆಯಾಗುತ್ತದೆ.”

ನಮಗೆ ಊರು ತೋರಿಸಲು ಬಂದಿದ್ದ ದಿಲ್ಫುಜಾ ಆಕೆ. ಐವತ್ತರ ಆಸುಪಾಸಿನ ವಯಸ್ಸು, ಕೊರಳಲ್ಲಿ ಗೈಡಿನ ಬಿಲ್ಲೆ, ಕಾಲಲ್ಲಿ ಸವೆದ ಬೂಟು. ಆ ಬೂಟು ನೋಡಿದ ಕೂಡಲೇ ಇವಳು ನಮ್ಮವಳೇ ಎನಿಸಿತು. ಗೈಡುಗಳ ಪಾದರಕ್ಷೆ ಹಿಮ್ಮಡಿಯ ಹೊರಮಗ್ಗುಲಲ್ಲಿ ಸವೆಯುತ್ತದೆ. ನಾವು ಜನರ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುವವರಲ್ಲವೇ! ನಾನೂ ಅದೇ ಕಸುಬಿನವನೆಂದು ಹೇಳಿದೆ. ಆಕೆ ನನ್ನ ಚಪ್ಪಲಿಗಳ ಕಡೆ ಒಮ್ಮೆ ನೋಡಿ ನಕ್ಕಳು.

ಹಾಲಿಲ್ಲದ ಹಸಿರು ಚಹಾ ಬಂತು. ಹಿಡಿಯಿಲ್ಲದ ಬಟ್ಟಲಿಗೆ ಕಾಲುಭಾಗ ಮಾತ್ರ ಸುರಿದರು. “ಇಷ್ಟs ಇಷ್ಟು? ಇವರ ಮನಿ ಹಾಳಾಗ್ಲಿ,” ಎಂದು ನೀಲವ್ವ ಗೊಣಗಿದಳು. ತುಂಬ ಸುರಿದರೆ ‘ಕುಡಿದು ಹೊರಡಿ’ ಎಂದರ್ಥ, ಸ್ವಲ್ಪ ಸುರಿದರೆ ‘ಕೂತಿರಿ, ಮತ್ತೆ ಹಾಕುತ್ತೇನೆ’ ಎಂದರ್ಥ ಎಂದು ದಿಲ್ಫುಜಾ ಹೇಳಿದಳು. ನೀಲವ್ವ ಆಡಿದ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಟೋಪಿಯವರ ಗುಮ್ಮಟ

ಬುಖಾರಾದ ಬಜಾರು ಗುಮ್ಮಟಗಳ ಕೆಳಗಿದೆ. ಬೀದಿಗಳು ಕೂಡುವಲ್ಲಿ ಒಂದೊಂದು ಇಟ್ಟಿಗೆಯ ಗುಮ್ಮಟ. ಒಂದು ಟೋಪಿ ಮಾರುವವರದು, ಒಂದು ಅಕ್ಕಸಾಲಿಗರದು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಮಣ್ಣಿನ ಗಡಿಗೆಯ ತಂಪು. ನಮ್ಮ ಇಳಕಲ್ಲಿನ ಸಂತೆಯಲ್ಲಿ ವ್ಯಾಪಾರಿ ಕೂಗಬೇಕು, ಗಿರಾಕಿ ಹುಬ್ಬು ಗಂಟಿಕ್ಕಬೇಕು. ಇಲ್ಲಿ ಅಂಗಡಿಯವರು ಕೂಗುವುದಿಲ್ಲ. ಕಣ್ಣಿಗೆ ಕಣ್ಣು ಸೇರಿದರೆ ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಬಾಗುತ್ತಾರೆ. ಅಷ್ಟಕ್ಕೇ ನಮ್ಮ ಹೆಂಗಸರು ಸೋತರು.

ರಫೀಕಸಾಬರಿಗೆ ಅಲ್ಲಿ ಹಬ್ಬ. ಬುಖಾರಾದವರು ಮನೆಯಲ್ಲಿ ಆಡುವುದು ತಾಜಿಕ್, ಫಾರಸಿಯ ತಂಗಿ. ಬಜಾರು, ದುಕಾನು, ರಂಗು, ಚಹಾ, ಒಂದೊಂದು ಗುರುತಿನ ಮಾತು ಕಿವಿಗೆ ಬಿದ್ದಾಗಲೂ ಅವರು ಜಾತ್ರೆಯಲ್ಲಿ ಕಳೆದ ತಮ್ಮ ಸಿಕ್ಕವರಂತೆ ಕುಣಿದರು. “ನೋಡ್ರಿ ಮಾಸ್ತರ, ಇವೆಲ್ಲಾ ನಾವು ದಿನಾ ಆಡೋ ಮಾತು. ನಡಬರಕ ಇಷ್ಟ್ ದೊಡ್ಡ ಗುಡ್ಡ ಬಂದು ಕುಂತೈತಿ, ಅಷ್ಟ!”

ನೀಲವ್ವನಿಗೆ ಮಾತೇ ಬೇಕಾಗಲಿಲ್ಲ. ಸುಜನಿ ಎಂಬ ಕಸೂತಿಯ ಹಾಸನ್ನು ಒಬ್ಬಾಕೆ ಬಿಡಿಸಿ ತೋರಿಸಿದಳು; ಕೆಂಪು ದಾಳಿಂಬೆಗಳು, ಸುತ್ತಲೂ ಬಳ್ಳಿ. ಎಲ್ಲರೂ ದಾಳಿಂಬೆ ನೋಡಿದರೆ ನೀಲವ್ವ ಹಾಸನ್ನು ತಿರುವಿ ಹಾಕಿ ಅದರ ಬೆನ್ನು ನೋಡಿದಳು. ಗಂಟುಗಳ ಮೇಲೆ ಬೆರಳಾಡಿಸಿ, ತಾನು ಉಟ್ಟ ಇಳಕಲ್ ಸೀರೆಯ ಸೆರಗು ಎಳೆದು, ಸೆರಗೂ ಒಡಲೂ ಕೂಡುವ ಕಡೆ ಎಳೆಗೆ ಎಳೆ ಕೊಂಡಿ ಹಾಕಿದ್ದನ್ನು ತೋರಿಸಿದಳು. ಅಂಗಡಿಯಾಕೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಪಕ್ಕದ ಅಂಗಡಿಯಾಕೆಯನ್ನು ಕರೆದಳು. ಆಕೆ ಇನ್ನೊಬ್ಬಳನ್ನು ಕರೆದಳು. ಹತ್ತು ನಿಮಿಷದಲ್ಲಿ ನನ್ನ ಹೆಂಡತಿಯ ಸೆರಗಿನ ಸುತ್ತ ಬಜಾರೇ ನೆರೆದಿತ್ತು.

ದಿಲ್ಫುಜಾಗೆ ಖುಷಿಯಾಯಿತು. “ನನ್ನ ತಾಯಿ ಇವರನ್ನು ನೋಡಬೇಕು. ಕೊನೆಯ ದಿನ ಎಲ್ಲರೂ ನಮ್ಮ ಮನೆಗೆ ಚಹಾಕ್ಕೆ ಬನ್ನಿ,” ಎಂದು ಕರೆದಳು.

ಮಿನಾರಿನ ಅಡಿಯಲ್ಲಿ

ಎರಡನೆಯ ಬೆಳಗ್ಗೆ ದಿಲ್ಫುಜಾ ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಂದಳು. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ದನಿ ಪೂರ್ತಿ ಹೋಗಿತ್ತು.

ಗೈಡಿಗೆ ದನಿ ಹೋಗುವುದೆಂದರೆ ಏನೆಂದು ನನಗೆ ಗೊತ್ತು. ನನಗೂ ಎರಡು ಸಲ ಆಗಿದೆ. ಆಕೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: “ಕಚೇರಿಗೆ ಹೇಳಿದರೆ ಬೇರೆಯವರನ್ನು ಕಳಿಸುತ್ತಾರೆ. ಜನ ಬರುವುದು ವಸಂತದಲ್ಲಿ, ಮತ್ತೆ ಶರತ್ಕಾಲದಲ್ಲಿ. ಉಳಿದ ದಿನ ನನಗೆ ಕೆಲಸವಿಲ್ಲ. ನಾನು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ನೀವು ಹೇಗೂ ನಿಮ್ಮವರಿಗೆ ಕನ್ನಡದಲ್ಲಿ ಹೇಳುತ್ತೀರಲ್ಲ?”

ನಾನು ಒಪ್ಪಿದೆ. ಒಪ್ಪುವಾಗ ಒಳಗೊಳಗೇ ಹಿಗ್ಗಿದೆ ಎಂಬುದನ್ನೂ ಹೇಳಬೇಕು. ಹಿಂದಿನ ದಿನವೆಲ್ಲ ಇನ್ನೊಬ್ಬರ ಮಾತಿಗೆ ತಲೆಯಾಡಿಸಿ ಕುತ್ತಿಗೆ ನೋಯುತ್ತಿತ್ತು.

ಬುಖಾರಾದ ದೊಡ್ಡ ಮಿನಾರಿನ ಅಡಿಯಲ್ಲಿ ನಿಂತೆವು. ಸುಟ್ಟ ಇಟ್ಟಿಗೆಯ ಕಂಬ, ಸುತ್ತಲೂ ಪಟ್ಟಿಪಟ್ಟಿಯಾಗಿ ನೇಯ್ಗೆಯಂಥ ಕೆಲಸ, ಒಂದು ಪಟ್ಟಿಯಂತೆ ಇನ್ನೊಂದಿಲ್ಲ. ದಿಲ್ಫುಜಾ ನನ್ನ ಬಲಗಿವಿಯ ಬಳಿ ನಿಂತು ಪಿಸುಗುಟ್ಟಿದಳು, ನಾನು ಗಟ್ಟಿಯಾಗಿ ಹೇಳಿದೆ. ಆಕೆ ಕೊಟ್ಟದ್ದು ಒಂದು ವಾಕ್ಯವಾದರೆ ಮೊದಮೊದಲು ಒಂದೇ ವಾಕ್ಯ ಹೇಳಿದೆ. ನಡುಹಗಲ ಹೊತ್ತಿಗೆ ಆಕೆಯ ಒಂದು ವಾಕ್ಯ ನನ್ನ ಬಾಯಲ್ಲಿ ಮೂರಾಗುತ್ತಿತ್ತು. ಜನ ನಗುತ್ತಿದ್ದರು, ‘ಅಬಬಬ’ ಎನ್ನುತ್ತಿದ್ದರು. ನಮ್ಮ ಊರಿನ ಮೇಣಬಸದಿಯಲ್ಲೇ ನಿಂತಂತೆ ಅನಿಸಿತು.

ಕತ್ತರಿಯ ಅಂಗಡಿ

ಅಕ್ಕಸಾಲಿಗರ ಗುಮ್ಮಟದ ಬಳಿ ಒಬ್ಬ ಕಮ್ಮಾರನ ಅಂಗಡಿಯಿತ್ತು. ಅವನು ಮಾಡುವುದು ಕೊಕ್ಕರೆಯ ಆಕಾರದ ಕತ್ತರಿ: ಉದ್ದ ಕೊಕ್ಕು ಕತ್ತರಿಯ ಬಾಯಿ, ಹೊಟ್ಟೆಯ ಕಡೆ ಬೆರಳು ತೂರಿಸುವ ಬಳೆ. ಬುಖಾರಾದಲ್ಲಿ ಈ ಹಕ್ಕಿ ಎಲ್ಲೆಲ್ಲೂ ಇದೆ, ಕತ್ತರಿಯಲ್ಲಿ, ತಟ್ಟೆಯಲ್ಲಿ, ಹಾಸಿನಲ್ಲಿ. ಆಕಾಶದಲ್ಲಿ ಮಾತ್ರ ಇಲ್ಲ. ಬೆಳಗ್ಗೆ ಒಂದು ಹಳೆಯ ಕಟ್ಟಡದ ನೆತ್ತಿಯ ಮೇಲೆ ಕಡ್ಡಿಗಳ ದೊಡ್ಡ ಗೂಡು ಕಂಡಿದ್ದೆವು, ಬರಿದಾಗಿತ್ತು.

ದಿಲ್ಫುಜಾ ಬಿಸಿನೀರು ಕುಡಿಯಲೆಂದು ಎದುರಿನ ಚಹಾದಂಗಡಿಗೆ ಹೋಗಿದ್ದಳು. ಗೌಡರ ಮಾಸ್ತರು ಕೇಳಿದರು: “ಸಂಗಪ್ಪ, ಎಲ್ಲಾ ಕಡೆ ಕೊಕ್ಕರಿ ಚಿತ್ರ ಐತಿ, ಒಂದೂ ಜೀವಂತ ಕೊಕ್ಕರಿ ಇಲ್ಲಲ್ಲ. ಯಾಕ?”

ಹನ್ನೊಂದನೆಯವನಾದ ನನ್ನನ್ನು ಹತ್ತು ಜನ ನೋಡಿದರು. ಹಾಗೆ ನೋಡಿದರೆ ನನ್ನಿಂದ ತಡೆಯಲಾಗುವುದಿಲ್ಲ. ಬಾದಾಮಿಯಲ್ಲೂ ಬಿಸಿಲೇರಿ ಜನರ ಮುಖ ಬಾಡಿದಾಗ ಇತಿಹಾಸದಲ್ಲಿಲ್ಲದ ಒಬ್ಬ ರಾಣಿಯನ್ನು ಕರೆತಂದು ನಿಲ್ಲಿಸುವುದು ನನ್ನ ರೂಢಿ. ಇಲ್ಲಿಯೂ ಒಬ್ಬಳನ್ನು ತಂದೆ. ಬುಖಾರಾವನ್ನು ಆಳಿದ ಅಮೀರನ ಕಿರಿಯ ರಾಣಿ ಒಂದು ಜೋಡಿ ಕೊಕ್ಕರೆ ಸಾಕಿದ್ದಳು. ಅಸೂಯೆಯಿಂದ ಅಮೀರ ಗಂಡುಹಕ್ಕಿಗೆ ಬಾಣ ಹೊಡೆಸಿದ. ಹೆಣ್ಣುಹಕ್ಕಿ ಮೂರು ದಿನ ಮಿನಾರನ್ನು ಸುತ್ತಿ, ರೆಕ್ಕೆ ಮಡಚಿ ಬಿದ್ದು ಸತ್ತಿತು. ‘ಇನ್ನು ಈ ಊರಿನಲ್ಲಿ ನಿಮ್ಮ ಕುಲ ಗೂಡು ಕಟ್ಟದಿರಲಿ’ ಎಂದು ರಾಣಿ ಶಾಪ ಹಾಕಿದಳು. ಆ ಹಕ್ಕಿಯ ನೆನಪಿಗೆ ಒಬ್ಬ ಕಮ್ಮಾರ ಈ ಕತ್ತರಿ ಮಾಡಿದ.

ಬಾಗಲಕೋಟೆಯಿಂದ ಬಂದ ಇಬ್ಬರು ಅಕ್ಕತಂಗಿಯರು ಕಣ್ಣೊರೆಸಿಕೊಂಡರು. ಎಲ್ಲರೂ ಒಂದೊಂದು ಕತ್ತರಿ ಕೊಂಡರು. ಕಮ್ಮಾರ ಏನೂ ಅರ್ಥವಾಗದೆ ಎದೆಯ ಮೇಲೆ ಕೈಯಿಟ್ಟು ನನಗೆ ಬಾಗಿದ. ನೀಲವ್ವ ಮಾತ್ರ ಕೊಳ್ಳಲಿಲ್ಲ. ಅವಳಿಗೆ ನನ್ನ ರಾಣಿಯರೆಲ್ಲ ಗೊತ್ತು.

ಊಟಕ್ಕೆ ಕುಳಿತಾಗ, ನಾವು ತಂದ ಕಟಕರೊಟ್ಟಿ, ಶೇಂಗಾ ಚಟ್ನಿ, ಅಲ್ಲಿಯ ಟೊಮ್ಯಾಟೊ ಹಂಚಿಕೊಂಡು ತಿನ್ನುವಾಗ, ಗೌಡರ ಮಾಸ್ತರು ದಿಲ್ಫುಜಾಗೆ ಇಂಗ್ಲಿಷಿನಲ್ಲಿ ಹೇಳಿದರು: “ಅಮ್ಮಾ, ನಿಮ್ಮ ಕೊಕ್ಕರೆಯ ಕತೆ ಅದ್ಭುತ. ಊರಿಗೆ ಹೋಗಿ ಮಕ್ಕಳಿಗೆ ಹೇಳುತ್ತೇನೆ.” ನಾನು ಕಣ್ಸನ್ನೆ ಮಾಡುವುದರೊಳಗೆ ರಾಣಿ, ಬಾಣ, ಶಾಪ, ಎಲ್ಲ ಬಂದಾಗಿತ್ತು.

ದಿಲ್ಫುಜಾ ರೊಟ್ಟಿಯ ಚೂರನ್ನು ತಟ್ಟೆಗಿಟ್ಟಳು. ನನ್ನ ಹತ್ತಿರ ಬಂದು, ಬೆಳಗ್ಗೆಯಿಂದ ಪಿಸುಗುಟ್ಟಿದ ಅದೇ ಕಿವಿಯಲ್ಲಿ ಕೇಳಿದಳು:

“ನಿಮಗೆ ಇದನ್ನು ಯಾರು ಹೇಳಿದರು?”

“ಯಾರೂ ಇಲ್ಲ. ಸುಮ್ಮನೆ... ಜನ ಕೇಳಿದರು. ನೀವು ಇರಲಿಲ್ಲ.”

“ನಾನು ಎದುರಿನ ಅಂಗಡಿಯಲ್ಲಿದ್ದೆ. ಇಪ್ಪತ್ತು ಹೆಜ್ಜೆ.” ಆಕೆ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. “ನನ್ನ ದನಿಯ ಬದಲು ನಿಮ್ಮ ದನಿಯನ್ನು ಎರವಲು ಕೇಳಿದ್ದೆ. ನೀವು ನನ್ನ ಬಾಯಲ್ಲಿ ಸುಳ್ಳು ಹೇಳಿದಿರಿ.”

ಮಧ್ಯಾಹ್ನ ಆಕೆ ನಮ್ಮನ್ನು ಕೋಟೆಗೆ ಕರೆದೊಯ್ದಳು. ಫಲಕಗಳ ಮುಂದೆ ನಿಲ್ಲಿಸಿ, ಓದಿಕೊಳ್ಳಿ ಎಂದು ಬೆರಳು ತೋರಿಸಿದಳು. ನನ್ನ ಕಿವಿಯ ಬಳಿ ಬರಲಿಲ್ಲ.

ಮೂರನೆಯ ಬೆಳಗ್ಗೆ

ಮರುದಿನ ಕೊಳದ ಬಳಿ ಆಕೆ ಇರಲಿಲ್ಲ. ರಫೀಕಸಾಬರ ಫೋನಿಗೆ ಕಚೇರಿಯಿಂದ ಸುದ್ದಿ ಬಂತು: ನಿಮ್ಮ ಗೈಡು ಹುಷಾರಿಲ್ಲವೆಂದು ತಾನೇ ಕೆಲಸ ಬಿಟ್ಟುಕೊಟ್ಟಿದ್ದಾಳೆ, ಮಧ್ಯಾಹ್ನದ ಮೇಲೆ ಬೇರೆಯವರು ಬರುತ್ತಾರೆ.

“ಪಾಪ, ಜ್ವರ ಬಂದಿರಬೇಕು,” ಎಂದರು ರಫೀಕಸಾಬರು. ಈ ಸಲ ಯಾರೂ ನಗಲಿಲ್ಲ.

ನೀಲವ್ವ ನನ್ನ ಕಡೆ ತಿರುಗಿದಳು. “ಹೇಳ್ರಿ ಈಗ.”

“ಏನ್ ಹೇಳ್ಲಿ?”

“ಆ ಹೆಣ್ಣಮಗಳು ಕೆಲಸ ಬಿಟ್ಟು ಮನ್ಯಾಗ ಕುಂತಾಳ. ನಿಮ್ಮ ರಾಣಿ ಸಂಬಂಧ ಕುಂತಾಳ. ಇವರಿಗೆ ಹೇಳ್ರಿ.”

ಹಿಪ್ಪುನೇರಳೆಯ ನೆರಳಲ್ಲಿ ನಿಂತು ಹೇಳಿದೆ. ರಾಣಿ ಇಲ್ಲ, ಬಾಣ ಇಲ್ಲ, ಶಾಪ ಇಲ್ಲ, ಎಲ್ಲ ನಾನೇ ಹೊಸೆದದ್ದು ಎಂದೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಗುಂಪಿನೆದುರು ಮಾತಾಡಿದ್ದಿಲ್ಲ. ಅಕ್ಕತಂಗಿಯರಲ್ಲಿ ಹಿರಿಯಳು ಚೀಲದೊಳಗಿನ ಕತ್ತರಿಯನ್ನು ಮುಟ್ಟಿ ನೋಡಿಕೊಂಡಳು. ಗೌಡರ ಮಾಸ್ತರ ಮುಖ ಕೆಂಪಾಯಿತು.

“ನಮ್ಮ ಸಾಲಿ ಹುಡುಗರನ್ನ ವರ್ಷಾ ನಿಮ್ಮ ಕಡೆ ಕರಕೊಂಡು ಬರ್ತಿದ್ದೆ ನಾ. ಅಲ್ಲೂ ಹಿಂಗs ಏನು?”

“ಎಲ್ಲಾ ಅಲ್ರಿ. ಅಲ್ಲಲ್ಲಿ.”

“ಎಲ್ಲೆಲ್ಲಿ?”

ನಾನು ತಲೆ ತಗ್ಗಿಸಿದೆ. ಮಾಸ್ತರು ಹೇಳಿದರು: “ನಾನೂ ಊರಾಗ ಮಕ್ಕಳಿಗೆ ಹೇಳಾಂವ ಇದ್ದೆ. ಈಗ ಖರೆ ಏನಂತ ಗೊತ್ತಾಗಬೇಕು. ಹೋಗಿ ಆಕೀನ ಕೇಳಿಕೊಂಡು ಬಾ.”

ನಾಲ್ಕು ಗೋಪುರದ ಹಿಂದಿನ ಓಣಿ

ಮನೆಯ ಗುರುತನ್ನು ಆಕೆಯೇ ಮೊದಲ ದಿನ ಕೊಟ್ಟಿದ್ದಳು: ನಾಲ್ಕು ನೀಲಿ ಗೋಪುರದ ಕಟ್ಟಡದ ಹಿಂದೆ ಮೂರನೆಯ ಬಾಗಿಲು. ಮಣ್ಣಿನ ಗೋಡೆಗಳ ಓಣಿ, ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸಿದ್ದರು. ನಾನೂ ನೀಲವ್ವನೂ ಬಾಗಿಲು ತಟ್ಟಿದೆವು.

ದಿಲ್ಫುಜಾ ತೆರೆದಳು. ನನ್ನನ್ನು ನೋಡಿ ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

“ತಪ್ಪು ನನ್ನದು,” ಎಂದೆ. “ನಮ್ಮವರಿಗೆಲ್ಲ ಹೇಳಿದ್ದೇನೆ. ನೀವು ಮತ್ತೆ ಬರಬೇಕು ಅನ್ನುವುದಿಲ್ಲ. ಕೊಕ್ಕರೆಗಳು ಯಾಕೆ ಹೋದವು ಅಂತ ಅವರಿಗೆ ತಿಳಿಯಬೇಕಂತೆ. ಅದನ್ನು ಕೇಳಲು ಕಳಿಸಿದ್ದಾರೆ.”

ಅಷ್ಟರಲ್ಲಿ ಒಳಗಿನಿಂದ ಒಂದು ಮುದಿದನಿ ಏನೋ ಕೇಳಿತು. ಬಿಳಿ ರುಮಾಲು ಕಟ್ಟಿದ ಅಜ್ಜಿಯೊಬ್ಬರು ಮಗಳ ಹೆಗಲ ಮೇಲಿಂದ ಇಣುಕಿದರು. ಅವರ ಕಣ್ಣು ನೇರ ನೀಲವ್ವನ ಸೆರಗಿನ ಮೇಲೆ ಹೋಯಿತು. ಮಗಳನ್ನು ಪಕ್ಕಕ್ಕೆ ಸರಿಸಿ ನೀಲವ್ವನ ಕೈ ಹಿಡಿದು ಒಳಗೆ ಎಳೆದುಕೊಂಡರು. ದಿಲ್ಫುಜಾ ನಿಟ್ಟುಸಿರಿಟ್ಟಳು. “ಉಳಿದವರನ್ನೂ ಕರೆಯಿರಿ,” ಎಂದು ಪಿಸುಗುಟ್ಟಿದಳು. “ಚಹಾಕ್ಕೆ ಕರೆದವಳು ನಾನು. ಕರೆದ ಮೇಲೆ ಕರೆದ ಹಾಗೆ.”

ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಹಾಸು ಹಾಸಿ ಹನ್ನೊಂದೂ ಜನರನ್ನು ಕೂಡಿಸಿದರು. ಅಜ್ಜಿಯ ಹೆಸರು ಮುಹಬ್ಬತ್. ಕೇಳಿ ರಫೀಕಸಾಬರು ಎದ್ದು ನಿಂತು ಸಲಾಂ ಮಾಡಿದರು. ದುಂಡು ರೊಟ್ಟಿ ಬಂತು. ನಾನು ಒಂದು ಚೂರು ಮುರಿದು ಬೋರಲಾಗಿ ಇಟ್ಟಿದ್ದೆನಂತೆ, ಅಜ್ಜಿ ಬಗ್ಗಿ ಅದನ್ನು ಸರಿಯಾಗಿ ತಿರುವಿಟ್ಟರು. ಅನ್ನದ ಮುಖ ಮೇಲಿರಬೇಕು.

ಅಜ್ಜಿ ತಾಜಿಕ್‌ನಲ್ಲಿ ಹೇಳಿದರು. ದಿಲ್ಫುಜಾ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಒಂದು ವಾಕ್ಯಕ್ಕೆ ಒಂದು ವಾಕ್ಯ.

“ಈ ಊರಿನಲ್ಲಿ ಓಣಿಗೊಂದು ಕೊಳವಿತ್ತು. ಕುಡಿಯುವುದಕ್ಕೂ ಅದೇ ನೀರು, ತೊಳೆಯುವುದಕ್ಕೂ ಅದೇ. ಕೊಳದಲ್ಲಿ ಕಪ್ಪೆಗಳು, ಕಪ್ಪೆ ತಿನ್ನಲು ಕೊಕ್ಕರೆಗಳು. ನೀರಿನಲ್ಲಿ ಕಣ್ಣಿಗೆ ಕಾಣದ ಹುಳು. ಕುಡಿದ ಮೇಲೆ ವರ್ಷ ಕಳೆದು ಅದು ಕಾಲಿನಿಂದ ಹೊರಗೆ ಬರುತ್ತಿತ್ತು, ದಾರದ ಹಾಗೆ. ನನ್ನ ತಾಯಿಗೆ ಪಾದದ ಮೇಲೆ ಕಲೆಯಿತ್ತು...”

ಅಜ್ಜಿ ತನ್ನ ಪಾದವನ್ನು ಮುಟ್ಟಿ ತೋರಿಸುವುದರೊಳಗೆ ನೀಲವ್ವ ನೆಟ್ಟಗೆ ಕುಳಿತಳು.

“ನಾರುಹುಣ್ಣು! ನಮ್ಮವ್ವಗೂ ಆಗಿತ್ತರೀ. ಮೆಟ್ಟಿಲ ಬಾವ್ಯಾಗ ಇಳಿದು ನೀರು ತರ್ತಿದ್ದಳು. ಕಡ್ಡಿಗೆ ಸುತ್ತಿ ಸುತ್ತಿ ತಗೀತಿದ್ರು, ದಿನಕ್ಕ ಒಂದೀಟ. ಹರಿದ್ರ ಕೆಟ್ಟಿತು.” ಹೇಳುತ್ತ, ಎಡಗೈಯ ಬೆರಳನ್ನು ಕಡ್ಡಿ ಮಾಡಿ ಬಲಗೈಯಿಂದ ಕಾಣದ ಎಳೆಯೊಂದನ್ನು ಮೆಲ್ಲಗೆ ಸುತ್ತಿ ತೋರಿಸಿದಳು.

ನಾನು ಇಂಗ್ಲಿಷಿಗೆ ತರಲು ಬಾಯಿ ತೆರೆದೆ. ಬೇಕಾಗಲಿಲ್ಲ. ಅಜ್ಜಿ ನೀಲವ್ವನ ಬೆರಳು ನೋಡುತ್ತ ತನ್ನ ಬೆರಳಿಗೂ ಅದೇ ಕಾಣದ ಎಳೆಯನ್ನು ಸುತ್ತತೊಡಗಿದರು, ಅಷ್ಟೇ ಮೆಲ್ಲಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಅತ್ತೆಗೆ ಆ ಹುಣ್ಣು ಆಗಿತ್ತೆಂದು ನನಗೆ ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ.

“ಕೊಳಗಳನ್ನು ಬತ್ತಿಸಿದರು,” ಅಜ್ಜಿ ಮುಂದುವರಿಸಿದರು. “ಹುಳು ಹೋಯಿತು, ಕಾಲುಗಳು ಉಳಿದವು. ಕಪ್ಪೆಗಳು ಹೋದವು. ಕೊಕ್ಕರೆಗಳು ಕಡಿಮೆಯಾದವು, ವರ್ಷಕ್ಕೆ ಸ್ವಲ್ಪ. ನಾನು ಮದುವೆಯಾದಾಗ ಈ ಓಣಿಯ ಮೇಲೆ ಒಂದು ಜೋಡಿ ಇನ್ನೂ ಬರುತ್ತಿತ್ತು. ಕೊಕ್ಕು ಕುಟ್ಟುವ ಸದ್ದು ಮನೆಯೊಳಗೂ ಕೇಳುತ್ತಿತ್ತು. ಒಂದು ವಸಂತದಲ್ಲಿ ಬರಲಿಲ್ಲ. ನನಗೆ ಆಗ ಮೊದಲ ಮಗು. ಬರಲಿಲ್ಲ ಅನ್ನುವುದು ನನ್ನ ಲಕ್ಷ್ಯಕ್ಕೆ ಬಂದದ್ದು ಸುಗ್ಗಿಯ ಹೊತ್ತಿಗೆ.”

ಗೌಡರ ಮಾಸ್ತರು ಮೆಲ್ಲಗೆ ಕೇಳಿದರು:

“ಆ ಜೋಡಿ ಎಲ್ಲಿಗೆ ಹೋತಂತ? ಕೇಳು.”

ಕೇಳಿದೆ. ದಿಲ್ಫುಜಾ ತಾಯಿಗೆ ಹೇಳಿದಳು. ಅಜ್ಜಿ ಯೋಚಿಸಿದರು, ಎರಡು ಮಾತಿನಲ್ಲಿ ಉತ್ತರ ಕೊಟ್ಟರು. ದಿಲ್ಫುಜಾ ಅದನ್ನು ಪಿಸುಗುಟ್ಟಿ ಹಿಂದೆ ಸರಿದು ನನ್ನ ಬಾಯಿಯನ್ನೇ ನೋಡಿದಳು. ಕನ್ನಡ ಬಾರದಿದ್ದರೂ ಎಷ್ಟು ಮಾತು ಹೊರಬರುತ್ತವೆ ಎಂದು ಎಣಿಸುವವಳಂತೆ ನೋಡಿದಳು.

“ಗೊತ್ತಿಲ್ಲಂತ,” ಎಂದೆ.

ಮಾಸ್ತರು ತಲೆಯಾಡಿಸಿದರು. ನೀಲವ್ವ ಅಜ್ಜಿಯ ಮೊಣಕಾಲ ಮೇಲೆ ಕೈಯಿಟ್ಟಳು.

“ಆಕಿಗೆ ಹೆಂಗ ಗೊತ್ತಿರತೈತ್ರಿ? ಕೈಯಾಗ ಕೂಸಿತ್ತಲ್ಲ.”

ಅದನ್ನೂ ನಾನು ದಿಲ್ಫುಜಾಗೆ ಹೇಳಿದೆ, ಅಷ್ಟನ್ನೇ.